ರಿಪೋರ್ಟು ತಲುಪಿದ ವಿಳಾಸ

ಹದಿನಾರು ವರ್ಷ ಬೇರೆಯವರ ಸಲೂನಿನಲ್ಲಿ ನಿಂತು ಹೆಂಗಸರ ಕೂದಲು ಕತ್ತರಿಸಿದ ಮೇಲೆ ಅವಳಿಗೆ ತನ್ನದೇ ಒಂದು ಅಂಗಡಿ ಬೇಕೆನಿಸಿತು. ದೊಡ್ಡದೇನಲ್ಲ. ಎರಡು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್, ಗೋಡೆಯುದ್ದಕ್ಕೂ ಕನ್ನಡಿ. ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿಯೊಂದು ಖಾಲಿಯಾಗಿತ್ತು. ಅದರ ಮಾಲೀಕ ಎರಡು ತಿಂಗಳು ಕಾಯುತ್ತೇನೆಂದು ಒಪ್ಪಿದ. ಅವಳು ಬ್ಯಾಂಕಿಗೆ ಹೋಗಿ ಸಾಲಕ್ಕೆ ಅರ್ಜಿ ಹಾಕಿದಳು.

ಬ್ಯಾಂಕಿನ ಅಧಿಕಾರಿ ಕಂಪ್ಯೂಟರ್ ನೋಡುತ್ತಾ ಮುಖ ಸಣ್ಣಗೆ ಮಾಡಿದ. "ನಿಮ್ಮ ಕ್ರೆಡಿಟ್ ರಿಪೋರ್ಟ್ ಚೆನ್ನಾಗಿಲ್ಲಮ್ಮ. ಕಂತು ನಿಲ್ಲಿಸಿ ವರ್ಷದ ಮೇಲಾಯ್ತು."

"ಯಾವ ಕಂತು? ನಾನು ಹುಟ್ಟಿದಾಗಿಂದ ಸಾಲನೇ ಮಾಡಿಲ್ಲ."

"ವಿವರ ನಾನು ಹೇಳೋ ಹಾಗಿಲ್ಲ. ನಿಮ್ಮ ರಿಪೋರ್ಟು, ನೀವೇ ತರಿಸಿ ನೋಡಿ."

ಯಾರ್‍ಯಾರು ಎಲ್ಲೆಲ್ಲಿ ಸಾಲ ತಂದರು, ಹೇಗೆ ತೀರಿಸಿದರು ಎಂದು ಬರೆದಿಡುವುದಕ್ಕೇ ಒಂದು ಸಂಸ್ಥೆಯಿತ್ತು. ರಜೆಯ ದಿನ ಗಂಡ ಅದರ ವೆಬ್‌ಸೈಟ್ ತೆರೆದುಕೊಟ್ಟ. ಅವನು ಶಾಲಾ ವ್ಯಾನ್ ಓಡಿಸುವವನು, ಇಂಥದ್ದರಲ್ಲಿ ಅವಳಿಗಿಂತ ಸ್ವಲ್ಪ ಜೋರು. ಹೆಸರು, ಹುಟ್ಟಿದ ದಿನ, ಗುರುತಿನ ಚೀಟಿಯ ಸಂಖ್ಯೆ ಎಲ್ಲವನ್ನೂ ತುಂಬಿದ ಮೇಲೆ, ನೀವು ನೀವೇ ಎಂದು ಖಚಿತಪಡಿಸಿ ಎಂದು ಪರದೆ ಮೂರು ಪ್ರಶ್ನೆ ಕೇಳಿತು. ಆರು ವರ್ಷದ ಹಿಂದೆ ಯಾವ ಬೀದಿಯಲ್ಲಿದ್ದಿರಿ? ಕೆಳಗೆ ನಾಲ್ಕು ಬೀದಿಗಳ ಹೆಸರು. ಒಂದರಲ್ಲೂ ಅವಳು ಕಾಲಿಟ್ಟವಳಲ್ಲ. 'ಯಾವುದೂ ಅಲ್ಲ' ಒತ್ತಿದಳು. ಬಟ್ಟೆ ಒಗೆಯುವ ಮೆಷಿನ್ನಿಗೆ ಯಾವ ಕಂಪನಿಯಿಂದ ಸಾಲ ಪಡೆದಿರಿ? ಯಾವುದೂ ಅಲ್ಲ. ನಿಮ್ಮ ಚಿಕಿತ್ಸೆಯ ಸಾಲದ ಕಂತು ಎಷ್ಟು? ಯಾವುದೂ ಅಲ್ಲ.

'ನಿಮ್ಮ ಗುರುತು ಖಚಿತವಾಗಿಲ್ಲ. ಮೂವತ್ತು ದಿನಗಳ ನಂತರ ಪ್ರಯತ್ನಿಸಿ.'

"ಇರೋದನ್ನ ಇದ್ದ ಹಾಗೆ ಹೇಳಿದ್ದೀನಿ. ನಾನು ನಾನಲ್ಲ ಅನ್ನತ್ತಲ್ರೀ!" ಎಂದಳು.

"ನನ್ನನ್ನ ಕೇಳಿದ್ರೆ ನಾನು ಸರ್ಟಿಫಿಕೇಟ್ ಕೊಡ್ತಿದ್ದೆ" ಎಂದ ಗಂಡ. ಅವಳಿಗೆ ನಗು ಬರಲಿಲ್ಲ.

ಮರುದಿನ ಸಲೂನಿನ ಹಿಂಬಾಗಿಲಲ್ಲಿ ನಿಂತು ಸಹಾಯವಾಣಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು.

"ನಿಮ್ಮ ನಂಬರಿಗೆ ಆರು ಅಂಕಿ ಕಳಿಸಿದ್ದೀವಿ ಮೇಡಂ, ಹೇಳಿ."

"ಏನೂ ಬಂದಿಲ್ಲ."

"ನಲವತ್ತಾರರಲ್ಲಿ ಮುಗಿಯೋ ನಂಬರಿಗೆ ಹೋಗಿದೆ."

"ಅದು ನಂದಲ್ಲಮ್ಮ. ಬದಲಾಯಿಸು."

"ಬದಲಾಯಿಸೋಕೆ ನೀವು ಖಾತೆ ಒಳಗೆ ಹೋಗಬೇಕು."

"ಒಳಗೆ ಹೋಗೋಕೆ ಆಗ್ತಿಲ್ಲ ಅಂತಾನೇ ಅಲ್ವಾ ನಿನಗೆ ಫೋನ್ ಮಾಡಿದ್ದು?"

ಹಾಗಾದರೆ ಅಂಚೆಯಲ್ಲಿ ಅರ್ಜಿ ಕಳಿಸಿ ಎಂದಳು ಹುಡುಗಿ. ಗುರುತಿನ ಚೀಟಿಯ ನಕಲು, ವಿದ್ಯುತ್ ಬಿಲ್ಲು, ಸಹಿ ಎಲ್ಲ ಸೇರಿಸಿ ಕಳಿಸಿದಳು. ಸಹಿ ಹೊಂದುತ್ತಿಲ್ಲವೆಂದು ಒಮ್ಮೆ ವಾಪಸ್ ಬಂತು. ಮತ್ತೆ ಕಳಿಸಿದಳು. ಐದು ವಾರ ಕಳೆದರೂ ಸುದ್ದಿಯಿಲ್ಲ. ಅಂಗಡಿಯ ಮಾಲೀಕ ಎರಡು ಸಲ ಫೋನ್ ಮಾಡಿ ಕೇಳಿದ. ಕೊನೆಗೆ ಅರ್ಧ ದಿನ ರಜೆ ಹಾಕಿ ಸಂಸ್ಥೆಯ ಕಚೇರಿಗೇ ಹೋದಳು.

ಮೂರನೇ ಮಹಡಿಯ ಕೌಂಟರಿನಲ್ಲಿ ನಿವೃತ್ತಿಗೆ ಹತ್ತಿರವಾದ ಗುಮಾಸ್ತನಿದ್ದ. ಅವಳ ಕಾಗದಗಳನ್ನು ಸಾವಧಾನವಾಗಿ ನೋಡಿ, "ನಿಮ್ಮ ರಿಪೋರ್ಟ್ ಹೋದ ವಾರವೇ ತಲುಪಿದೆಯಲ್ಲಮ್ಮ. ಸಹಿನೂ ಆಗಿದೆ" ಎಂದ.

"ನಮ್ಮನೆಗೆ ಏನೂ ಬಂದಿಲ್ಲ ಸರ್."

ಅವನು ಪರದೆಯನ್ನೂ ಅವಳ ಚೀಟಿಯನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಕನ್ನಡಕ ತೆಗೆದು ಕೇಳಿದ: "ನಿಮಗೆ ಅವಳಿ ಯಾರಾದ್ರೂ ಇದ್ದಾರಾ?"

ಹತ್ತು ವರ್ಷದಿಂದ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ.

"ತಂಗಿ. ಹತ್ತು ನಿಮಿಷಕ್ಕೆ ಚಿಕ್ಕವಳು."

"ಹುಟ್ಟಿದ ದಿನ ಒಂದೇ, ತಂದೆ ಹೆಸರು ಒಂದೇ. ನಿಮ್ಮಿಬ್ಬರ ಹೆಸರಲ್ಲಿ ಒಂದಕ್ಷರದ್ದೇ ವ್ಯತ್ಯಾಸ ಇರಬೇಕು. ಇಬ್ಬರದೂ ಒಂದೇ ಫೈಲಾಗಿ, ನಿಮ್ಮ ರಿಪೋರ್ಟು ಅವರ ವಿಳಾಸಕ್ಕೆ ಹೋಗಿದೆ. ಅವರ ವಿಳಾಸ ನಾನು ಹೇಳೋ ಹಾಗಿಲ್ಲ. ಆದ್ರೆ ನಿಮ್ಮ ಲಕೋಟೆಯ ಕೊರಿಯರ್ ನಂಬರ್ ಕೊಡಬಹುದು, ಅದಕ್ಕೇನೂ ಅಡ್ಡಿಯಿಲ್ಲ."

ಪುಟ್ಟಿ ಎಂದೇ ಮನೆಯಲ್ಲಿ ಎಲ್ಲರೂ ಆ ತಂಗಿಯನ್ನು ಕರೆಯುತ್ತಿದ್ದರು. ಹತ್ತು ವರ್ಷದ ಹಿಂದೆ ಅಮ್ಮ ಮೂರು ತಿಂಗಳು ಹಾಸಿಗೆ ಹಿಡಿದಾಗ ಪುಟ್ಟಿ ಬರಲಿಲ್ಲ. ಅಮ್ಮ ಹೋಗಿ ಎರಡು ದಿನವಾದ ಮೇಲೆ ಬಂದಳು. "ಬರೋದಿದ್ರೆ ಉಸಿರಿದ್ದಾಗ ಬರಬೇಕಿತ್ತು" ಎಂದು ಅಕ್ಕ ಬಾಗಿಲು ಹಾಕಿಕೊಂಡಳು. ಯಾಕೆ ತಡವಾಯಿತೆಂದು ಕೇಳಲಿಲ್ಲ. ಪುಟ್ಟಿ ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದು ಎದ್ದು ಹೋದಳು. ದೂರದ ಯಾವುದೋ ಊರು ಸೇರಿದಳೆಂದು ನೆಂಟರು ಆಡಿಕೊಂಡರು. ಅಕ್ಕ ವಿಚಾರಿಸುವ ಗೊಡವೆಗೇ ಹೋಗಲಿಲ್ಲ.

ಕೊರಿಯರ್ ಕಚೇರಿಯವನು ಅವಳ ಗುರುತಿನ ಚೀಟಿ ನೋಡಿ ವಿಳಾಸ ಬರೆದುಕೊಟ್ಟ. ತನ್ನದೇ ಊರು. ಅವಳ ಮನೆಯಿಂದ ಎರಡು ಬಸ್ಸು.

ಅವಳು ಅಲ್ಲಿಂದಲೇ ಹೊರಟಳು. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಲೆಕ್ಕ ಹಾಕಿದಳು. ಮೊದಲು ಬೈಯಬೇಕು, ಸಾಲ ಯಾಕೆ ನಿಲ್ಲಿಸಿದೆ ಅಂತ. ಆಮೇಲೆ ನೋಡೋಣ. ಸ್ವಲ್ಪ ಹೊತ್ತಿನಲ್ಲಿ ಬೈಗುಳ ಮರೆತು, ಪುಟ್ಟಿ ಈಗ ದಪ್ಪಗಾಗಿದ್ದಾಳೋ, ಕೂದಲು ನೆರೆತಿದೆಯೋ ಎಂದು ಯೋಚಿಸತೊಡಗಿದಳು. ನೆರೆತಿದ್ದರೆ ತಾನೇ ಬಣ್ಣ ಹಚ್ಚಿಕೊಡಬಹುದು.

ಬಾಗಿಲು ತೆರೆದದ್ದು ಎಪ್ಪತ್ತು ದಾಟಿದ ಮುದುಕಿ, ಮನೆಯ ಒಡತಿ. ಬಂದವಳ ಮುಖ ನೋಡಿದ್ದೇ ತಡ, ಮುದುಕಿಯ ಕೈ ಚೌಕಟ್ಟು ಹುಡುಕಿತು. ಹಾಗೇ ಕುಸಿದು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಯಾರು ನೀನು?"

"ಪುಟ್ಟಿಯ ಅಕ್ಕ ನಾನು. ಅವಳಿಲ್ವಾ ಅಜ್ಜಿ?"

ಅಜ್ಜಿ ಅವಳ ಮುಖವನ್ನೇ ನೋಡುತ್ತಾ ಕಣ್ಣೊರೆಸಿಕೊಂಡಳು. ಆ ನೋಟದಲ್ಲೇ ಅವಳಿಗೆ ಅರ್ಧ ತಿಳಿದುಹೋಯಿತು.

"ಹೋಗಿ ಹದಿನಾಲ್ಕು ತಿಂಗಳಾಯ್ತಮ್ಮ. ಹೊಟ್ಟೆಯೊಳಗೆ ಗಡ್ಡೆ. ಲಾಂಡ್ರಿಯಲ್ಲಿ ಕೆಲಸ ಮಾಡ್ಕೊಂಡೇ ಔಷಧಿ ಮಾಡಿಸ್ಕೊಂಡ್ಲು. ನಿಲ್ಲೋಕೆ ಆಗೋವರೆಗೂ ಕಂತು ಕಟ್ಟಿದ್ಲು."

"ನನಗೊಂದು ಮಾತು ತಿಳಿಸಬಾರದಿತ್ತಾ?"

"ನಾನು ಕೇಳಿದೆ. ಅಕ್ಕನ ನಂಬರ್ ಕೊಡು, ಫೋನ್ ಮಾಡ್ತೀನಿ ಅಂದೆ. ಬೇಡ ಅಜ್ಜಿ, ಅವಳ ಸಿಟ್ಟು ಇಳಿದಾಗ ಅವಳೇ ಹುಡುಕ್ಕೊಂಡು ಬರ್ತಾಳೆ ಅಂದ್ಲು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ನಾನೂ ಕಾದೆ."

ಅಜ್ಜಿ ಒಳಗಿನಿಂದ ಲಕೋಟೆ ತಂದುಕೊಟ್ಟಳು. "ಪುಟ್ಟಿ ಹೆಸರನ್ನೇ ಒಂದಕ್ಷರ ತಪ್ಪಾಗಿ ಬರೆದಿದ್ದಾರೆ ಅಂದ್ಕೊಂಡು ಸಹಿ ಹಾಕಿ ಇಸ್ಕೊಂಡೆ. ಬಿಸಾಕೋಕೆ ಮನಸ್ಸು ಬರಲಿಲ್ಲ."

ಅವಳು ಅಲ್ಲೇ ಕೂತು ಒಡೆದಳು. ನಾಲ್ಕು ಹಾಳೆ. ತನ್ನ ಹೆಸರು, ಗುರುತಿನ ಚೀಟಿಯ ಸಂಖ್ಯೆ ಮೇಲಿತ್ತು. ಅದರ ಕೆಳಗೆಲ್ಲ ಪುಟ್ಟಿ. ಮೂರು ವಿಳಾಸ: ಮೊದಲನೆಯದು ಬೇರೆ ಊರು, ಎರಡನೆಯದು ಈ ಊರಿನ ಅಂಚು, ಮೂರನೆಯದು ಈ ಮನೆ. ಮೆಷಿನ್ನಿನ ಸಾಲ ಪೂರ್ತಿ ತೀರಿತ್ತು. ಆಸ್ಪತ್ರೆಯ ಸಾಲಕ್ಕೆ ಇಪ್ಪತ್ತೆರಡು ಕಂತು ತಪ್ಪದೆ ಬಿದ್ದು, ಆಮೇಲೆ ಖಾಲಿ. ತಂಗಿಯ ಹತ್ತು ವರ್ಷದ ಸುದ್ದಿ ಅವಳಿಗೆ ಸಿಕ್ಕಿದ್ದು ಇಷ್ಟೇ. ಅವಳು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು.

ಮರಣ ಪ್ರಮಾಣಪತ್ರ ತೆಗೆಸಿಕೊಂಡು ಮತ್ತೆ ಮೂರನೇ ಮಹಡಿಗೆ ಹೋದಾಗ ಗುಮಾಸ್ತ ಎದ್ದು ನಿಂತು ಅದನ್ನು ತೆಗೆದುಕೊಂಡ. "ಎರಡನ್ನೂ ಬೇರೆ ಮಾಡ್ತೀವಮ್ಮ. ನಿಮ್ಮದು ಸರಿಹೋಗತ್ತೆ. ಅವರದು ಮುಚ್ಚಿಹೋಗತ್ತೆ." ಅವಳು ಹಾಕಿದ ಸಹಿ ಸೊಟ್ಟಗಾಯಿತು. ಈ ಸಹಿಯೂ ಹೊಂದುವುದಿಲ್ಲವೇನೋ ಎಂದಳು. ಪರವಾಗಿಲ್ಲ, ನಾನು ನೋಡಿದ್ದೀನಲ್ಲ ಎಂದ ಅವನು.

ನಲವತ್ತು ದಿನಕ್ಕೆ ಶುದ್ಧವಾದ ರಿಪೋರ್ಟ್ ಅವಳ ಮನೆಗೇ ಬಂತು. ಒಂದೇ ಹಾಳೆ. ಬ್ಯಾಂಕಿನವನು ಸಾಲ ಕೊಡಲು ಒಪ್ಪಿದ. ಅಷ್ಟರಲ್ಲಿ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮೊಬೈಲ್ ಮಾರುವವನು ಬಂದು ಕೂತಿದ್ದ. ಬೇರೆ ಅಂಗಡಿ ನೋಡೋಣ ಎಂದ ಗಂಡ. ನೋಡೋಣ ಎಂದಳು ಅವಳೂ, ಆದರೆ ಹುಡುಕಲು ಹೊರಡಲಿಲ್ಲ. ಹಳೆಯ ಸಲೂನಿನಲ್ಲೇ ಮುಂದುವರಿದಳು.

ತಿಂಗಳಿಗೊಮ್ಮೆ ರಜೆಯ ದಿನ ಎರಡು ಬಸ್ಸು ಹಿಡಿದು ಅಜ್ಜಿಯ ಮನೆಗೆ ಹೋಗುತ್ತಾಳೆ. ಹಿತ್ತಿಲಲ್ಲಿ ಕುರ್ಚಿ ಹಾಕಿ, ಹೆಗಲಿಗೆ ಬಟ್ಟೆ ಹೊದಿಸಿ, ಅಜ್ಜಿಯ ಬಿಳಿ ಕೂದಲನ್ನು ಕತ್ತರಿಸಿ ಸರಿಮಾಡುತ್ತಾಳೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಕೂರುತ್ತಾಳೆ.

"ಸುಮ್ಮನಿರಬೇಡ ಕಣೆ, ಮಾತಾಡ್ತಾ ಇರು."

"ಏನು ಮಾತಾಡಲಿ ಅಜ್ಜಿ?"

"ಏನಾದ್ರೂ ಸರಿ. ಪುಟ್ಟಿದೇ ದನಿ ನಿಂದೂ. ಕೇಳ್ತಿದ್ರೆ ಸಾಕು."

ಅವಳು ಆ ವಾರ ಸಲೂನಿಗೆ ಬಂದವರ ಕತೆ ಶುರು ಮಾಡುತ್ತಾಳೆ.