ಗೆರೆಯಣ್ಣನ ಕೊನೆಯ ಪರೀಕ್ಷೆ

"ತಲೆ ಕಡೆ ಎತ್ತಿ, ಇನ್ನೂ ಸ್ವಲ್ಪ ಎತ್ತಿ! ಗೋಡೆಗೆ ತಾಗ್ತಿದೆ!"

ಎರಡನೆಯ ಮಹಡಿಯ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹಿಂದಿನಿಂದ ಅದನ್ನು ಆತುಕೊಂಡಿದ್ದ ಅವಳ ಹೆಗಲಚೀಲದಲ್ಲಿ ಫೋನು ಮತ್ತೆ ನಡುಗಿತು. ಬೆಳಗಿನಿಂದ ಇದು ಏಳನೆಯ ಸಲ.

"ಇಪ್ಪತ್ತಾರು ವರ್ಷ ಗಾಡಿ ಓಡ್ಸಿ ಒಂದಡಿ ಮುಂದಕ್ಕೆ ಹೋಗದ ಆಸಾಮಿ," ಪಕ್ಕದಲ್ಲಿದ್ದ ಮೆಕ್ಯಾನಿಕ್ ಏದುಸಿರಿನಲ್ಲೇ ಗೊಣಗಿದ, "ಈಗ್ಲೂ ಹೊರಡೋಕೆ ಹಟ ನೋಡು."

ಅಳುತ್ತಿದ್ದವರೂ ನಕ್ಕರು. ಅವಳಿಗೆ ನಗು ಬರಲಿಲ್ಲ.

ತೀರಿಕೊಂಡವರನ್ನು ವಾಹನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಎಲ್ಲರೂ ಗೆರೆಯಣ್ಣ ಎನ್ನುತ್ತಿದ್ದರು. ಅಲ್ಲಿ ಡೀಸೆಲ್ ವ್ಯಾನನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಎದುರಿನ ಪರದೆಯಲ್ಲಿ ಗಾಡಿ ಹೋಗಬೇಕಾದ ವೇಗದ ಗೆರೆಯೊಂದು ಏರಿಳಿಯುತ್ತ ಬರುತ್ತದೆ. ಕಾಲಿನ ಹದದಿಂದ ಗಾಡಿಯ ಗೆರೆಯನ್ನು ಅದರ ಮೇಲೆಯೇ ಕೂರಿಸಬೇಕು. ಅಷ್ಟು ಹೊತ್ತು ಬಂದ ಹೊಗೆಯನ್ನು ಚೀಲಗಳಲ್ಲಿ ಹಿಡಿದು ಅಳೆಯುತ್ತಾರೆ. ಗೆರೆಯಣ್ಣ ಕೂತರೆ ಎರಡು ಗೆರೆಗಳು ಒಂದೇ ಆಗಿ ಕಾಣುತ್ತಿದ್ದವು.

ಮೊನ್ನೆ ಅವರು ಓಡಿಸಿದ ವ್ಯಾನ್ ಪಾಸಾಗಿತ್ತು. ಇಲ್ಲಿನ ನಿಯಮಕ್ಕೆ ಅದು ಎಂದೋ ಪಾಸು. ಕಡಲಾಚೆಯ ದೇಶದ ಹೊಗೆಯ ಮಿತಿ ಇಲ್ಲಿನದರ ಅರ್ಧ. ಅದಕ್ಕೆ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಗೆದ್ದಿತ್ತು. ಮುನ್ನೂರು ವ್ಯಾನುಗಳು ಬಂದರಿನಲ್ಲಿ ನಿಂತಿದ್ದವು, ಹಡಗು ಇವತ್ತು ಸಂಜೆ. ಆದರೆ ಓಡಿಸಿದವರ ಗೆರೆಯನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಇನ್ನೊಬ್ಬಳು ಅವಳು.

ಬೆಳಿಗ್ಗೆಯೇ ನೋಡಿದ್ದಳು. ಗೆರೆ ತಪ್ಪಿದ ನಾಲ್ಕು ಕಡೆ ಕೆಂಪು. ವೇಗ ಏರಬೇಕಾದಲ್ಲೆಲ್ಲ ಗಾಡಿಯ ಗೆರೆ ಕೆಳಗೆ ಜೋತುಬಿದ್ದಿತ್ತು. ಪೆಡಲು ಬೇಕಾದಷ್ಟು ಒತ್ತಿಲ್ಲ, ಎಂಜಿನ್ ತಿಣುಕಿಲ್ಲ, ಹೊಗೆಯೂ ಕಡಿಮೆ. ವ್ಯಾನನ್ನು ಗೆಲ್ಲಿಸಿದ್ದು ಗೆರೆಯಣ್ಣನ ಸೋತ ಕಾಲು.

* * *

ಅವಳು ಕೆಲಸಕ್ಕೆ ಸೇರಿದ ವರ್ಷ. ಕಡಲಾಚೆಯ ತಪಾಸಣೆಯವರು ಗಾಜಿನಾಚೆ ನಿಂತು ನೋಡುತ್ತಿದ್ದಾಗ ಗೆರೆಯಣ್ಣನಿಗೆ ಸೀನು ಬಂತು. ಗೆರೆ ಎರಡು ಸೆಕೆಂಡು ಹಾರಿತು. ಅವರೇ ವ್ಯಾನಿನಿಂದ ಇಳಿದು ಬಂದು "ರದ್ದು" ಎಂದು ಬರೆದರು.

"ಎರಡೇ ಸೆಕೆಂಡಪ್ಪಾ!" ಆಗಿನ ಮ್ಯಾನೇಜರು ತಲೆ ಚಚ್ಚಿಕೊಂಡಿದ್ದರು.

"ಸೀನಿದ್ದು ನಾನು ಸಾರ್. ವ್ಯಾನ್ ತಲೆಗೆ ಯಾಕೆ ಕಟ್ತೀರಿ?"

ಆಮೇಲೆ ಟೀ ಕುಡಿಯುವಾಗ ಗೆರೆಯಣ್ಣ ಅವಳಿಗೆ ಹೇಳಿದ್ದರು: "ಹುಡುಗಿ, ನಾಳೆ ನನ್ನ ಗೆರೆ ನಿನ್ನ ಮೇಜಿಗೆ ಬರುತ್ತೆ. ಆಗ ಗೆರೆ ನೋಡು, ನನ್ನ ಮುಖ ನೋಡ್ಬೇಡ."

* * *

ವಿದ್ಯುತ್ ಚಿತಾಗಾರದ ಹಾಲ್‌ನಲ್ಲಿ ಈಗಿನ ಮ್ಯಾನೇಜರು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.

"ಫೋನ್ ಯಾಕಮ್ಮ ಎತ್ತಲ್ಲ?"

"ಪೆಟ್ಟಿಗೆ ಹಿಡ್ಕೊಂಡಿದ್ದೆ ಸಾರ್."

"ಅಲ್ಲಿ ಹಡಗು ಕಾಯ್ತಿದೆ. 'ಸೆನ್ಸರ್ ದೋಷ' ಅಂತ ಒಂದು ಮಾತು ಬರೆದು ಒಪ್ಪಿಗೆ ಒತ್ತು, ಮುಗೀತು. ಫೋನಲ್ಲೇ ಆಗುತ್ತೆ."

"ಸೆನ್ಸರ್ ಸರಿಯಾಗೇ ಇದೆ ಸಾರ್."

ಅವರು ದನಿ ತಗ್ಗಿಸಿದರು. "ನೋಡು, ನನಗೆ ನಾಲ್ಕು ಮಾತಾಡಿ ಅಂದಿದ್ದಾರೆ ಅವರ ಮನೆಯವರು. ಅವರ ಕೊನೇ ಪರೀಕ್ಷೆ ಗೆದ್ದಿತು ಅಂತ ಹೇಳೋಣ ಅಂತಿದ್ದೀನಿ. ಅದನ್ನೂ ಕಿತ್ಕೋತೀಯಾ ಅವರಿಂದ?"

ಅವಳು ಎದ್ದು ನೀರಿನ ನಲ್ಲಿಯವರೆಗೆ ಹೋದಳು, ಕುಡಿಯದೆ ವಾಪಸು ಬಂದಳು. ಗಡಿಯಾರ ನೋಡಿದಳು. ಮತ್ತೆ ಎದ್ದು ಮೊದಲ ಸಾಲಿನಲ್ಲಿದ್ದ ಗೆರೆಯಣ್ಣನ ಹೆಂಡತಿಯ ಬಳಿ ಕುಕ್ಕರಗಾಲಲ್ಲಿ ಕೂತಳು.

"ಅತ್ತಿಗೆ, ಅಣ್ಣನ ಕಾಲಿಗೆ ಏನಾಗಿತ್ತು?"

"ಎರಡು ತಿಂಗಳಿಂದ ಬಲಗಾಲಲ್ಲಿ ಶಕ್ತೀನೇ ಇರ್ಲಿಲ್ಲ ಕಣೇ. ಮೆಟ್ಟಿಲು ಹತ್ತೋವಾಗ ಕೈಯಲ್ಲಿ ಮಂಡಿ ಎತ್ತಿ ಎತ್ತಿ ಇಡೋರು. ಯಾರಿಗೂ ಹೇಳ್ಬೇಡ ಅಂದ್ರು. ಗೆರೆಯಣ್ಣ ಅಂತ ಹೆಸರಿಟ್ಕೊಂಡು ಕುಂಟ್ಕೊಂಡು ಹೋಗ್ಲಾ ಅಂತ ಬೈದ್ರು."

"ಮೊನ್ನೆ ಏನಾದ್ರೂ ಹೇಳಿದ್ರಾ?"

"ಊಟ ಬೇಡ ಅಂದ್ರು. ಯಾಕ್ರೀ ಅಂದೆ. 'ಹುಡುಗಿ ನೋಡ್ತಾಳೆ ಬಿಡು' ಅಂದ್ರು. ಅಷ್ಟೇ. ಮಲಗಿದೋರು ಬೆಳಿಗ್ಗೆ ಏಳಲಿಲ್ಲ."

ನೋಡಿ ಹಿಡಿಯುತ್ತಾಳೆ ಎಂದೋ, ನೋಡಿ ಮುಚ್ಚಿಡುತ್ತಾಳೆ ಎಂದೋ? ಪೆಟ್ಟಿಗೆಯೊಳಗಿನ ಮುಖದ ಕಡೆ ಅವಳ ಕಣ್ಣು ಹೊರಳಿತು. ತಟ್ಟನೆ ತಿರುಗಿಸಿಕೊಂಡಳು.

ಮ್ಯಾನೇಜರು ಎದ್ದು ನಿಂತು ಫೋನು ತೆಗೆದರು. ಬರೆದಿಟ್ಟುಕೊಂಡದ್ದನ್ನು ಓದತೊಡಗಿದರು. ಇಪ್ಪತ್ತಾರು ವರ್ಷ. ಸಾವಿರಾರು ಗಾಡಿಗಳು. ಒಂದು ದಿನವೂ ತಡವಾಗಿ ಬಂದವರಲ್ಲ. ಹಿಂದಿನಿಂದ ಮೆಕ್ಯಾನಿಕ್ ಮೂಗು ಒರೆಸಿಕೊಂಡ ಸದ್ದು ಕೇಳಿತು.

ಅವಳು ಗೋಡೆಗೆ ಒರಗಿ ಚೀಲದಿಂದ ಫೋನು ತೆಗೆದಳು. ಕಾರಣದ ಜಾಗದಲ್ಲಿ 'ಚಾಲಕರ ಕಾಲು ಗೆರೆ ಮುಟ್ಟಿಲ್ಲ' ಎಂದು ಬರೆದಳು. ಕೆಳಗೆ 'ರದ್ದು' ಒತ್ತಿದಳು.

"ಇನ್ನು ಅವರ ಕೊನೆಯ ಪರೀಕ್ಷೆ..." ಮ್ಯಾನೇಜರ ಕೈಯಲ್ಲಿ ಫೋನು ಸಣ್ಣಗೆ ಗುಂಯ್‌ಗುಟ್ಟಿತು. ಓದುತ್ತಿದ್ದ ಸಾಲಿನ ಮೇಲೆಯೇ ಬಂದು ಕೂತ 'ರದ್ದು' ಸಂದೇಶವನ್ನು ಅವರು ನೋಡಿದರು. ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

ಒಲೆಯ ಬಾಗಿಲ ಬಳಿ ನಿಂತಿದ್ದ ನೌಕರ ತನ್ನ ಗಡಿಯಾರ ನೋಡಿಕೊಂಡ.

"ಓದಿ ಸಾರ್," ಮೊದಲ ಸಾಲಿನಿಂದ ಗೆರೆಯಣ್ಣನ ಹೆಂಡತಿ ಮೆಲ್ಲಗೆ ಅಂದರು. "ಮುಂದೆ ಏನಿದೆ, ಓದಿ."

ಮ್ಯಾನೇಜರ ಹೆಬ್ಬೆರಳು ಪರದೆಯ ಮೇಲೆ ಒಂದೊಂದೇ ಸಾಲನ್ನು ದೂಡುತ್ತ, ಓದಬಹುದಾದ ಒಂದು ಸಾಲಿಗಾಗಿ ಹುಡುಕುತ್ತಿತ್ತು.