ಮೊದಲ ಸಲದ ಕೈ

ಅತ್ತಿಗೆಯ ಕೈಯಲ್ಲಿ ಯಾವ ವಸ್ತುವೂ ಮೊದಲ ಸಲಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಬೀಗಕ್ಕೆ ಕೀಲಿಯನ್ನು ತಲೆಕೆಳಗಾಗಿ ತೂರಿಸುವರು. ತೀರಿಕೊಂಡ ಗಂಡನ ಕಂದು ಕೋಟಿನ ತೋಳುಗಳನ್ನು ಎರಡು ಮಡಿಕೆ ಮಡಚಿ, ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡು, ಎಡಹೆಗಲನ್ನು ಮುಂದೆ ಮಾಡಿ, ಬಿರುಗಾಳಿಗೆ ಎದುರಾಗಿ ನಡೆಯುವವರಂತೆ ಕಾರ್ಖಾನೆಗೆ ಬರುವರು. ನಿಜವಾಗಿ ಅವರು ಕಾರ್ಖಾನೆಯ ಯಜಮಾನರಾದ ಮೇಸ್ತ್ರಿಗೆ ಮಾತ್ರ ಅತ್ತಿಗೆ, ಅಣ್ಣನ ಹೆಂಡತಿ. ಬರಬರುತ್ತ ನಮಗೆಲ್ಲರಿಗೂ ಅತ್ತಿಗೆಯಾದರು.

ಮೇಸ್ತ್ರಿ ಹರೆಯದಲ್ಲಿ ಜಪಾನಿನಲ್ಲಿದ್ದು, ಮೊಳೆಯ ಹಂಗಿಲ್ಲದೆ ಮರಕ್ಕೆ ಮರವನ್ನೇ ಬೆಸೆಯುವ ಅಲ್ಲಿನ ವಿದ್ಯೆಯನ್ನು ಕಲಿತು ಬಂದವರು. ಉಳಿಯನ್ನೇ ಹಿಡಿದರಿಯದವರೂ ಮನೆಯಲ್ಲಿ ಕೂತು ಒಂದು ದೀಪದ ಗೂಡನ್ನೋ ಪುಟ್ಟ ಸ್ಟೂಲನ್ನೋ ಮಾಡಿಕೊಳ್ಳಲೆಂದು, ಅಳತೆಗೆ ಕೊಯ್ದ ತುಂಡುಗಳು, ಗರಗಸ, ಉಳಿ, ಒಂದು ಕೈಪಿಡಿ ಇಟ್ಟ ಪೆಟ್ಟಿಗೆಗಳನ್ನು ಮಾರುತ್ತಿದ್ದರು. ಕೈಪಿಡಿಯ ಚಿತ್ರಗಳು ನನ್ನವು. ಪೆಟ್ಟಿಗೆ ತುಂಬಿ ಅಂಟುಪಟ್ಟಿ ಹಚ್ಚುವುದು ಅತ್ತಿಗೆಯ ಕೆಲಸ.

ಮೊದಲ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಮುರಿದ ಮರದೊಡನೆ ಹಿಂದಿರುಗಿದವು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ಮೇಸ್ತ್ರಿ ಗೊಣಗಿದರು.

"ನೆಲಾನೂ ಒಂದ್ಸಲ ನೋಡೋಣಪ್ಪ, ಡೊಂಕಿದ್ರೂ ಇರಬಹುದು" ಎಂದರು ಅತ್ತಿಗೆ, ಒಂದು ಪೆಟ್ಟಿಗೆ ಬಿಚ್ಚಿ ಕೂತು.

ಆ ಗರಗಸ ನಮ್ಮತ್ತ ಎಳೆದಾಗ ಕೊಯ್ಯುವಂಥದು. ಅತ್ತಿಗೆ ಬಲವಾಗಿ ಮುಂದಕ್ಕೆ ದೂಡಿದರು, ಅಲಗು ಬಾಗಿಹೋಯಿತು. ಬೈಯಲು ಬಾಯಿ ತೆರೆದ ಮೇಸ್ತ್ರಿ ಕೈಪಿಡಿಯನ್ನು ತಿರುವಿ ನೋಡಿದರು. ಎಳೆಯಬೇಕೆಂಬುದು ನಮಗೆ ಎಷ್ಟು ಸಹಜವಾಗಿತ್ತೆಂದರೆ, ಅದನ್ನು ಕೈಪಿಡಿಯಲ್ಲಿ ಬರೆದೇ ಇರಲಿಲ್ಲ. ಆಮೇಲೆ ನನ್ನ ಸರದಿ. ಈ ಚಿತ್ರದಂತೆ ಮಾಡಲು ಮೂರು ಕೈ ಬೇಕು, ತಮಗಿರುವುದು ಎರಡೇ ಎಂದರು ಅತ್ತಿಗೆ. ಎಣಿಸಿ ನೋಡಿದೆ, ನಿಜವಾಗಿತ್ತು. ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ.

ಆ ವಾರವೇ ಕಿಟಕಿಯ ಪಕ್ಕ ಅವರಿಗೊಂದು ಮೇಜು ಬಂತು. ಹೊಸ ಪೆಟ್ಟಿಗೆಯನ್ನು ಎಲ್ಲರಿಗಿಂತ ಮೊದಲು ಬಿಚ್ಚಿ ತಪ್ಪು ಮಾಡುವುದೇ ಅವರ ಉದ್ಯೋಗವಾಯಿತು, ಆ ತಪ್ಪುಗಳನ್ನು ನೋಡಿ ಕೈಪಿಡಿ ತಿದ್ದುವುದು ನಮ್ಮದು. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ನಗೆಪಾಟಲಾಗಿದ್ದ ಆ ಒಡ್ಡೊಡ್ಡು ಕೈಗೆ ಐವತ್ತು ದಾಟಿದ ಮೇಲೆ ಒಂದು ಪದವಿ ದೊರೆತಿತ್ತು. ಸುಲಭದ ಸಹವಾಸವೇನೂ ಅಲ್ಲ: ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುವರು, ಸುಳಿವು ಕೊಟ್ಟರೆ ಸಿಡುಕುವರು. ಆದರೆ ನಾಲ್ಕು ವರ್ಷಗಳಲ್ಲಿ ಹಿಂದಿರುಗುವ ಪೆಟ್ಟಿಗೆಗಳು ಬೆರಳೆಣಿಕೆಗೆ ಇಳಿದವು.

ಹೀಗಿರಲು ಒಂದು ಬೆಳಿಗ್ಗೆ ಹೊಸ ಸ್ಟೂಲಿನ ಪೆಟ್ಟಿಗೆ ಬಿಚ್ಚಿದರು. ಮಧ್ಯಾಹ್ನದೊಳಗೆ ಸ್ಟೂಲು ಒಂದು ಕೂದಲೆಳೆಯ ಸಂದೂ ಇಲ್ಲದೆ ನಿಂತಿತ್ತು. ನಾವು ಚಪ್ಪಾಳೆ ತಟ್ಟಿದೆವು. ಅತ್ತಿಗೆ ನಗಲಿಲ್ಲ. ಊಟವನ್ನೂ ಮುಟ್ಟದೆ ಮೇಸ್ತ್ರಿಯ ಬಳಿಗೆ ಹೋದರು.

"ನಂಗೆ ಬಂದ್ಬಿಟ್ಟಿದೆ ಕಣಪ್ಪ. ಇನ್ನು ಆ ಮೇಜಲ್ಲಿ ನಾನು ಕೂರಬಾರದು."

ಮೇಸ್ತ್ರಿಗೆ ಅವರನ್ನು ಎಬ್ಬಿಸುವ ಮನಸ್ಸಿರಲಿಲ್ಲ. ಬೇಕೆಂದೇ ಒಂದೆರಡು ತಪ್ಪು ಮಾಡಿದರಾಯಿತಲ್ಲ ಎಂದರು.

"ಬೇಕೂಂತ ಮಾಡಿದ್ರೆ ಗೊತ್ತಿರೋ ತಪ್ಪೇ ಮಾಡ್ತೀನಿ. ನಿಂಗೆ ಬೇಕಾಗಿರೋದು ಗೊತ್ತಿಲ್ದೇ ಇರೋದು."

ಮರುವಾರ ಬೀದಿಯ ಆ ಬದಿಯ ಇಸ್ತ್ರಿ ಅಂಗಡಿಯವನನ್ನು ತಾವೇ ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದರು. ಅವನು, ಸಾಗಣೆಯಲ್ಲಿ ತುಂಡುಗಳು ಅಲುಗಾಡದಿರಲೆಂದು ತುರುಕಿದ್ದ ರದ್ದಿ ಮರದ ಚೂರನ್ನೇ ಸ್ಟೂಲಿನ ಭಾಗವೆಂದು ಬಗೆದು, ಅದಕ್ಕೆ ಕಾಲು ಕೂರಿಸಲು ಅರ್ಧ ಗಂಟೆ ಹೆಣಗಿದ. ಅಂಥ ತಪ್ಪು ನಮ್ಮ ಕನಸಿನಲ್ಲೂ ಹೊಳೆದಿರಲಿಲ್ಲ. ಹಿಂದೆ ತುಟಿ ಬಿಗಿದು ನಿಂತಿದ್ದ ಅತ್ತಿಗೆ ಸಹಾಯಕ್ಕೆ ಹೋಗಲಿಲ್ಲ. ಅವರ ಕಣ್ಣಲ್ಲಿ ಸಂತೋಷವಿತ್ತು, ಸುಳ್ಳೇಕೆ, ತುಸು ಹೊಟ್ಟೆಕಿಚ್ಚೂ ಇತ್ತು. ಆಮೇಲೆ ಅವರು ಪೆಟ್ಟಿಗೆ ತುಂಬುವ ಕೆಲಸಕ್ಕೆ ಮರಳಿದರು.

ಕಲಿತವರಿಗೆ ಲೋಕದಲ್ಲಿ ಬರವಿಲ್ಲ. ಹತ್ತಿದ ಏಣಿಯನ್ನು ಒದೆಯುವವರೂ, ತಾವು ಏಣಿಯನ್ನೇ ಹತ್ತಲಿಲ್ಲವೆಂದು ಸಾಧಿಸುವವರೂ ಅವರಲ್ಲೇ ಹೆಚ್ಚು. ವಿದ್ಯೆ ತಮಗೆ ಒಲಿದ ಕ್ಷಣವನ್ನು ಪ್ರಾಮಾಣಿಕವಾಗಿ ಗುರುತಿಸಿ, ಇನ್ನೂ ಒಲಿಯದವರಿಗೆ ಪೀಠ ಬಿಟ್ಟು ಏಳುವವರು ವಿರಳ. ಅಂಥವರನ್ನು ಯಾರೂ ಗುರುವೆಂದು ಕರೆಯುವುದಿಲ್ಲ. ಆದರೆ ಕಲಿಯುವವರ ದಾರಿಯ ಕಲ್ಲುಗಳು ಮೊದಲು ತಾಗುವುದು ಅವರ ಕಾಲಿಗೇ.