ಒಂದು ಪದಕ್ಕೆ ಒಂಬತ್ತು ವರ್ಷ

ಅಪ್ಪನ ಕನ್ನಡಕವನ್ನು ಅಂಗಿಯ ತುದಿಯಿಂದ ಮೂರನೇ ಸಲ ಒರೆಸುತ್ತ ಅವಳು ಒಂದೇ ವಿಷಯಕ್ಕೆ ಹೆದರುತ್ತಿದ್ದಳು: ತನಗೆ ಅಳು ಬರುತ್ತಿಲ್ಲವೆಂಬುದು ಯಾರ ಕಣ್ಣಿಗಾದರೂ ಬಿದ್ದರೆ? ಬೆಳಿಗ್ಗೆ ಡೈರಿಯಲ್ಲಿ ಬರೆದದ್ದೂ ಅಷ್ಟೆ. ‘ಅಪ್ಪ ಹೋದ. ಕಣ್ಣು ಒಣಗಿದೆ. ಹೊಟ್ಟೆ ಮಾತ್ರ ಉರಿಯುತ್ತಿದೆ.’ ಆ ಉರಿ ಸಾವಿನದಲ್ಲ. ಮೂರು ಗಂಟೆಗೆ ಸ್ಮಶಾನದ ಗಾಡಿ ಬರುವ ಮುಂಚೆ, ಅಪ್ಪ ದುಡಿದ ನಿಘಂಟು ಕಚೇರಿಯ ಪ್ರಧಾನ ಸಂಪಾದಕರು ಬಂದು ನಾಲ್ಕು ಮಾತಾಡುತ್ತಾರೆಂದು ಫೋನು ಬಂದಿತ್ತು. ಆ ಮನುಷ್ಯ ಈ ಹೊಸಿಲು ದಾಟುವುದನ್ನು ನೆನೆದರೇ ಅವಳ ಕೈ ಮತ್ತೆ ಕನ್ನಡಕ ಒರೆಸತೊಡಗುತ್ತಿತ್ತು.

“ಹಾಕಿಬಿಡೇ, ಎಷ್ಟೂಂತ ಒರೆಸ್ತೀಯ,” ಎಂದಳು ಅತ್ತೆ. “ಕನ್ನಡಕ ಇಲ್ದಿದ್ರೆ ಅವನಿಗೆ ಬಾಗಿಲೂ ಕಾಣ್ತಿರಲಿಲ್ಲ.”

ಅತ್ತೆ ಅಪ್ಪನ ತಂಗಿ. ಚಿಕ್ಕಂದಿನಲ್ಲೇ ಸೋತ ಬಲಗಾಲನ್ನು ಮುಂದೆ ಚಾಚಿಕೊಂಡು, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಮ್ಮ ತಲೆಯ ಕಡೆ ಕೂತು ಅಪ್ಪನ ಕೂದಲು ಸರಿಪಡಿಸುತ್ತಲೇ ಇದ್ದಳು, ಸರಿಪಡಿಸಲು ಅಲ್ಲಿ ಹೆಚ್ಚೇನೂ ಇಲ್ಲದಿದ್ದರೂ. ಮೂವತ್ತು ವರ್ಷ ಮೇಜಿನ ಮೇಲೆ ಬಾಗಿದ ಬೆನ್ನು ಸತ್ತ ಮೇಲೂ ನೆಟ್ಟಗಾಗಲು ಒಪ್ಪದೆ, ಕತ್ತಿನ ಕೆಳಗೆ ಎರಡು ದಿಂಬು ಇಡಬೇಕಾಗಿ ಬಂದಿತ್ತು. ಅದರಿಂದ ಅಪ್ಪ ಬಂದವರನ್ನೆಲ್ಲ ತಲೆ ಎತ್ತಿ ನೋಡುತ್ತಿರುವಂತೆ ಕಾಣುತ್ತಿದ್ದ.

ಕಚೇರಿಯ ಟೈಪಿಸ್ಟ್ ಮೇಡಂ ಮತ್ತು ಬೈಂಡಿಂಗ್ ಕೆಲಸದ ಮುದುಕ ಗೋಡೆಗೊರಗಿ ಕೂತು ಮೆಲ್ಲನೆ ಮಾತಾಡಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಅಪ್ಪ ‘ಚೀಟಿ ಮೇಷ್ಟ್ರು’. ಜೇಬು, ಊಟದ ಡಬ್ಬಿ, ಛತ್ರಿಯ ಮಡಿಕೆ, ಎಲ್ಲೆಂದರಲ್ಲಿ ಪದ, ಅರ್ಥ ಬರೆದಿಟ್ಟ ಚೀಟಿ. ಒಂದು ಸಲ ಅಂಗಡಿಯವನಿಗೆ ಸಾಮಾನಿನ ಪಟ್ಟಿಯ ಬದಲು ‘ಬ್ಯಾಕ್‌ಲಾಗ್: ಮಾಡದೆ ಬಾಕಿ ಉಳಿದ ಕೆಲಸ’ ಎಂಬ ಚೀಟಿ ಕೊಟ್ಟು ಬಂದಿದ್ದನಂತೆ. ಅಂಗಡಿಯವನು ಅದರ ಬೆನ್ನಿಗೇ ‘ಈ ಮಾಲು ನಮ್ಮಲ್ಲಿ ಬರುವುದಿಲ್ಲ, ನಿಮ್ಮ ಮನೆಯಲ್ಲೇ ವಿಚಾರಿಸಿ’ ಎಂದು ಬರೆದು ವಾಪಸ್ಸು ಕಳಿಸಿದ್ದ. ಮುದುಕ ನಕ್ಕ, ನಕ್ಕದ್ದಕ್ಕೆ ನಾಚಿ ಮೂಗೊರೆಸಿಕೊಂಡ.

ಅವಳು ಎದ್ದು ಒಳಕೋಣೆಗೆ ಹೋದಳು. ಕೂತವರನ್ನೆಲ್ಲ ಅಲ್ಲಾಡಿಸುವ ಸಡಿಲ ಕಾಲಿನ ಕುರ್ಚಿಯೊಂದು ಅಲ್ಲಿತ್ತು. ಬೇಕೆಂದೇ ಅದನ್ನು ಎತ್ತಿ ತಂದು ಮಂಚದ ಎದುರಿಗೆ, ದೊಡ್ಡವರು ಕೂರುವ ಜಾಗದಲ್ಲಿ ಇಟ್ಟಳು. ಸದ್ಯಕ್ಕೆ ಅವಳ ಧೈರ್ಯ ಅಷ್ಟರದೇ.

*

ಅವಳಿಗೆ ಎಂಟು ತುಂಬಿದ ವರ್ಷ, ಕಚೇರಿಯ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಅಪ್ಪನ ಪಾಲಿಗೆ ಆ ಪದ ಬಂದದ್ದು. ನಾಲ್ಕೇ ಅಕ್ಷರದ ಇಂಗ್ಲಿಷ್ ಪದ, ಬ್ಯಾಕ್. ಆರು ತಿಂಗಳಲ್ಲಿ ಮುಗಿಸುತ್ತೇನೆಂದು ಚಪ್ಪಲಿಯ ಒಂದು ಖಾಲಿ ಪೆಟ್ಟಿಗೆ ಇಟ್ಟುಕೊಂಡು ಕೂತವನ ಮಂಚದ ಕೆಳಗೆ, ಒಂಬತ್ತು ವರ್ಷಕ್ಕೆ ಹದಿನಾಲ್ಕು ಪೆಟ್ಟಿಗೆಗಳಾಗಿದ್ದವು. ಬೆನ್ನು, ಹಿಂಬದಿ, ವಾಪಸ್ಸು, ಬೆಂಬಲ. ಆಮೇಲೆ ಬಾಲ ಹಿಡಿದು ಬಂದ ಜೋಡುಪದಗಳು. ಬೆನ್ನುಮೂಳೆಗೂ ಅದೇ, ಹಿನ್ನೆಲೆಗೂ ಅದೇ, ಪೇಪರ್‌ಬ್ಯಾಕ್ ಎಂಬ ತೆಳು ರಟ್ಟಿನ ಪುಸ್ತಕಕ್ಕೂ ಅದೇ. ಊಟಕ್ಕೆ ಕೂತಾಗ ಮನೆಯವರೆಲ್ಲ ಅರ್ಥ ಹೇಳಬೇಕು. ‘ಬ್ಯಾಕ್‌ಬೈಟಿಂಗ್’ ಬಂದ ದಿನ ಅಮ್ಮ, “ಚಾಡಿ ಹೇಳೋದು ಅಂತ ಬರ್ಕೊಳ್ರಿ, ಉದಾಹರಣೆ ಬೇಕಿದ್ರೆ ನಿಮ್ಮ ತಂಗಿ ಇದಾಳೆ,” ಎಂದಿದ್ದಳು. ಅತ್ತೆ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು.

ಉದಾಹರಣೆಯ ವಾಕ್ಯಗಳಿಗೆ ಕಚೇರಿಯಲ್ಲಿ ಕಟ್ಟುನಿಟ್ಟಿನ ನಿಯಮವಿತ್ತು. ವಾಕ್ಯ ಯಾರದೂ ಆಗಿರಬಾರದು. ಬರೆಯುವವನ ಮನೆ, ಮಕ್ಕಳು, ಕಷ್ಟಸುಖ ಅದರಲ್ಲಿ ಇಣುಕಬಾರದು. ಅಪ್ಪ ನಿಯಮ ಮೀರುವ ಪೈಕಿಯಲ್ಲ. ಹಸಿರು ದೀಪ ಬಂದ ಮೇಲೂ ಒಂದು ಕ್ಷಣ ನಿಂತು ರಸ್ತೆ ದಾಟುವವನು.

ಸಂಪುಟ ಅಚ್ಚಾಗಿ ಬಂತು. ದೊಡ್ಡ ಪದಗಳ ಕೆಳಗೆ ಸಿದ್ಧಪಡಿಸಿದವರ ಹೆಸರು ಹಾಕುವುದು ಪದ್ಧತಿ. ‘ಬ್ಯಾಕ್’ ಕೆಳಗೆ ಪ್ರಧಾನ ಸಂಪಾದಕರ ಹೆಸರಿತ್ತು. ಅಪ್ಪನ ಹೆಸರು ಮುನ್ನುಡಿಯ ಕೊನೆಗೆ, ಫ್ಯಾನು ರಿಪೇರಿ ಮಾಡಿದವನಿಗೂ ಅಂಟು ಒದಗಿಸಿದವನಿಗೂ ನಡುವೆ. ಆ ಒಂದು ಪದದ ಕೆಲಸಕ್ಕೇ ಸಂಪಾದಕರಿಗೆ ದೊಡ್ಡ ಪ್ರಶಸ್ತಿ ಬಂತು. ಅಪ್ಪ ಕಚೇರಿಗೆ ಒಪ್ಪಿಸಿದ್ದ ಹದಿನಾಲ್ಕು ಪೆಟ್ಟಿಗೆಯ ಚೀಟಿಗಳು ಅಲ್ಲಿಂದ ನೇರ ರದ್ದಿಗೆ ಹೋದವು. ಇನ್ನು ಯಾರು ಏನೆಂದರೂ ಸಾಕ್ಷಿಯಿಲ್ಲ.

ಸಂಪುಟ ಕೈಗೆ ಬಂದ ದಿನ ಹದಿನೇಳರ ಅವಳು ಕುದಿದುಹೋಗಿದ್ದಳು. ಅಪ್ಪ ಮಾತ್ರ ಅಂಗಳದಲ್ಲಿ ನಿಂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

“ಮನೆ ಮುಂದಿನ ಬೋರ್ಡು ಬದಲಾಯ್ಸಿದಾನೆ ಅಷ್ಟೆ,” ಎಂದಿದ್ದ. “ಒಳಗಿರೋರನ್ನ ಖಾಲಿ ಮಾಡ್ಸೋಕೆ ಮರ್ತಿದಾನೆ. ನೀನೇ ಒಂದ್ಸಲ ಬಿಚ್ಚಿ ನೋಡು.”

“ಅದನ್ನ ನಾನು ಮುಟ್ಟಲ್ಲ.”

“ಬೇಡ ಬಿಡು. ಯಾವತ್ತಾದ್ರೂ ಅವನೇ ಓದ್ತಾನೆ.”

ಕೈಲಾಗದವನು ಕಟ್ಟಿಕೊಂಡ ಸಮಾಧಾನ ಎಂದುಕೊಂಡಳು. ಅಪ್ಪನ ಮೇಲೂ ಸಿಟ್ಟು ಬಂತು. ಆ ಸಂಪುಟವನ್ನು ಆರು ವರ್ಷ ಅವಳು ತೆರೆಯಲಿಲ್ಲ. ಓದಿ ಪದವಿ ಮುಗಿಸಿದ ಕಾಲೇಜಿನ ಗ್ರಂಥಾಲಯದಲ್ಲೂ ಆ ಕಪಾಟಿನ ಕಡೆ ಸುಳಿಯಲಿಲ್ಲ. ಬದಲಿಗೆ ಡೈರಿಯಲ್ಲಿ ಸಂಪಾದಕರಿಗೆ ಹೇಳಬೇಕಾದ್ದನ್ನು ಬರೆದಳು, ತಿದ್ದಿ ಬರೆದಳು, ಒಟ್ಟು ಏಳು ಸಲ. ಏಳರಲ್ಲೂ ‘ಕಳ್ಳ’ ಎಂಬ ಪದದ ಕೆಳಗೆ ಎರಡೆರಡು ಗೆರೆ.

*

ಸಂಪಾದಕರು ಎರಡೂವರೆಗೆ ಬಂದರು. ಕಂಕುಳಲ್ಲಿ ಅದೇ ಸಂಪುಟ. ಕೂರಿ ಎಂದು ಯಾರೋ ಸಡಿಲ ಕಾಲಿನ ಕುರ್ಚಿ ತೋರಿಸಿದರೆ ಅವರು ಕೂರಲಿಲ್ಲ. ನಿಂತು ಮಾತಾಡುವುದೇ ಅವರಿಗೆ ರೂಢಿ. ಅಷ್ಟು ಸಣ್ಣ ಸೇಡೂ ಕೈಗೆ ಸಿಗಲಿಲ್ಲವಲ್ಲ ಎಂದು ಅವಳು ಬಾಗಿಲ ಸಂದಿಯಲ್ಲಿ ನಿಂತು ತುಟಿ ಕಚ್ಚಿದಳು.

ಮೇಷ್ಟ್ರು ಸಾಧುಪ್ರಾಣಿ, ಹೇಳಿದ್ದನ್ನು ಹೇಳಿದ ಹಾಗೆ ನಕಲು ಮಾಡಿ ಕೊಡುತ್ತಿದ್ದರು ಎಂದು ಶುರುಮಾಡಿ ಸಂಪಾದಕರು ನೇರ ತಮ್ಮ ಸಂಗತಿಗೆ ಬಂದರು. ‘ಬ್ಯಾಕ್’ ಪದಕ್ಕಾಗಿ ತಾವು ನಿದ್ದೆಗೆಟ್ಟದ್ದು, ಮೇಷ್ಟ್ರು ಚೀಟಿಗಳನ್ನು ಜೋಡಿಸಿ ನೆರವಾದದ್ದು. ಈ ಸಂಪುಟವನ್ನು ಅವರ ಎದೆಯ ಮೇಲಿಟ್ಟೇ ಕಳಿಸಿಕೊಡಬೇಕೆಂದು ತಮ್ಮ ಆಸೆ. ಅದಕ್ಕೂ ಮೊದಲು ಒಂದೆರಡು ವಾಕ್ಯ ಓದುವುದಾಗಿ ಹೇಳಿ, ಕನ್ನಡಕ ಏರಿಸಿ, ಪುಟ ತಿರುವಿದರು.

“ಕೇಳಿ, ಬ್ಯಾಕ್‌ಯಾರ್ಡ್. ‘ಹಿತ್ತಿಲ ತಂತಿಯ ಮೇಲೆ ಬಟ್ಟೆ ಹರವುವಾಗ ಮಾತ್ರ ಅವಳು ಹಾಡುತ್ತಾಳೆ, ಯಾರಾದರೂ ಬಂದರೆ ಕೆಮ್ಮುತ್ತಾಳೆ.’ ಇದೊಂದಕ್ಕೇ ನಾನು ಮೂರು ದಿನ ತಲೆ ಕೆಡಿಸ್ಕೊಂಡಿದ್ದೆ.”

ಅಪ್ಪನ ಹಣೆಯ ಮೇಲೆ ಆಡುತ್ತಿದ್ದ ಅಮ್ಮನ ಕೈ ನಿಂತಿತು.

“ಪಿಗ್ಗಿಬ್ಯಾಕ್. ಉಪ್ಪುಮೂಟೆ ಅಂತ ಅರ್ಥ. ‘ನಡೆಯಲಾಗದ ತಂಗಿಯನ್ನು ಅಣ್ಣ ಐದು ವರ್ಷ ಉಪ್ಪುಮೂಟೆ ಹೊತ್ತು ಶಾಲೆಗೆ ಒಯ್ದ, ದಾರಿಯುದ್ದಕ್ಕೂ ಅವಳು ಅವನ ಕಿವಿ ಹಿಂಡುತ್ತಿದ್ದಳು.’”

ಅತ್ತೆ ತಲೆ ಎತ್ತಿದಳು. ಚಾಚಿದ ಕಾಲನ್ನು ಮೆಲ್ಲಗೆ ಎಳೆದುಕೊಂಡು, “ಅತ್ತಿಗೆ, ಕಿವಿ ಹಿಂಡ್ತಿದ್ದದ್ದು ಇವ್ರಿಗೆ ಯಾರು ಹೇಳಿದ್ರು?” ಎಂದು ಪಿಸುದನಿಯಲ್ಲಿ ಕೇಳಿದಳು. ಬೈಂಡಿಂಗ್ ಮುದುಕ ಅತ್ತೆಯ ಕಾಲು ನೋಡಿದ, ಸಂಪಾದಕರ ಮುಖ ನೋಡಿದ. ಟೈಪಿಸ್ಟ್ ಮೇಡಂ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಆ ನೋಟಗಳನ್ನು ಸಂಪಾದಕರು ಮೆಚ್ಚುಗೆ ಎಂದುಕೊಂಡರು.

ಅವಳಿಗೆ ಅಂದು ಅಂಗಳದಲ್ಲಿ ಅಪ್ಪ ಅಂದದ್ದು ನೆನಪಾಯಿತು. ಒಳಗಿರೋರನ್ನ ಖಾಲಿ ಮಾಡ್ಸೋಕೆ ಮರ್ತಿದಾನೆ. ರಸ್ತೆ ದಾಟಲು ಹೆದರುತ್ತಿದ್ದ ಅಪ್ಪ ಒಂಬತ್ತು ವರ್ಷ ಕೂತು ತನ್ನವರನ್ನು ಒಬ್ಬೊಬ್ಬರನ್ನಾಗಿ ಕಳ್ಳನ ಮನೆಯೊಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದಿದ್ದ.

“ಕೊನೇದು, ನಂಗೆ ಬಹಳ ಇಷ್ಟವಾದದ್ದು,” ಎಂದರು ಸಂಪಾದಕರು. “ಬ್ಯಾಕ್‌ಬೆಂಚ್. ‘ಹಿಂದಿನ ಬೆಂಚಿನ ಹುಡುಗಿಗೆ ಉತ್ತರ ಗೊತ್ತು, ಆದರೆ ಕೈ ಎತ್ತುವುದಿಲ್ಲ.’ ಎಂಥ ಕಲ್ಪನೆ ನೋಡಿ. ಇಂಥ ಹುಡುಗಿ ಎಲ್ಲೂ ಇರಲ್ಲ, ಸೃಷ್ಟಿ ಮಾಡ್ಬೇಕು.”

ಪುಸ್ತಕವನ್ನು ಎದೆಯ ಮೇಲಿಡಲು ಅವರು ಮಂಚದ ಕಡೆ ಬಾಗಿದರು. ಆಗ ಬಾಗಿಲ ಸಂದಿಯಲ್ಲಿ ಒಂದು ಕೈ ಮೇಲೆದ್ದಿತು. ಮೊದಲು ಭುಜದವರೆಗೆ, ಆಮೇಲೆ ಪೂರ್ತಿ ನೆಟ್ಟಗೆ, ತರಗತಿಯಲ್ಲಿ ಎತ್ತುವ ಹಾಗೆ. ಎಲ್ಲರೂ ಅತ್ತ ತಿರುಗಿದರು.

“ಏನಮ್ಮಾ?” ಎಂದರು ಸಂಪಾದಕರು. ಪುಟಗಳ ನಡುವೆ ಅವರ ಬೆರಳು ಹಾಗೇ ಸಿಕ್ಕಿಕೊಂಡಿತ್ತು.

ಏಳು ಸಲ ಬರೆದದ್ದರಲ್ಲಿ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಒರೆಸಿ ಹಾಕಿದ ಕನ್ನಡಕದಲ್ಲಿ, ದಿಂಬಿನ ಮೇಲಿನಿಂದ ಅಪ್ಪ ಅವಳ ಕಡೆಗೇ ತಲೆ ಎತ್ತಿದ್ದ.

“ಆ ಹುಡುಗಿ ನಾನು,” ಎಂದಳು.